ಮುಲ್ಕಿ ಉಡುಪಿಗಳ ಅನಾಥಶಾಲೆಗಳೂ ಬಾಸೆಲ್ ಮಿಶನ್ನಿನ ಪಾದ್ರಿಸಂಸಾರಗಳೂ

ದೇಶಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಅರಸರ ಪಟ್ಟಾಭಿಷೇಕ, ಯುದ್ಧ, ಸಂಧಿ, ದಾನಶಾಸನಗಳನ್ನು ಹೇಳಿ ಗ್ರಂಥವನ್ನು ಮುಗಿಸುವುದು ವಾಡಿಕೆ. ತಾಯಿತಂದೆಗಳಿಲ್ಲದ ಶಿಶುಗಳನ್ನು ಯಾವ ಕಾಲದಲ್ಲಿ ಯಾರು ಪೊರೆದರು, ಯಾವ ಅನ್ನವನ್ನಿಕ್ಕಿದರು, ಯಾವ ವಿದ್ಯೆಯನ್ನು ಕಲಿಸಿದರು ಎಂಬಂತಹ ಮನೆಯೊಳಗಿನ ವಿಷಯಗಳಿಗೆ ಚರಿತ್ರೆಯಲ್ಲಿ ಸ್ಥಳವು ದೊರೆಯುವುದು ವಿರಳ. ಆದರೆ ಒಂದು ಸಮಾಜದ ಸ್ಥಿತಿಗತಿಗಳು ಅರಮನೆಗಿಂತಲೂ ಅನಾಥಶಾಲೆಯಲ್ಲಿ ಸ್ಪಷ್ಟವಾಗಿ ಗೋಚರಿಸುವುವು. ಹತ್ತೊಂಬತ್ತನೆಯ ಶತಮಾನದಲ್ಲಿ ತುಳುನಾಡಿನ ಕಡಲ ಕರೆಯಲ್ಲಿ ಬಾಸೆಲ್ ಮಿಶನ್ನಿನವರು ನಡೆಸಿದ ಅನಾಥಶಾಲೆಗಳ ವೃತ್ತಾಂತವು ಇದಕ್ಕೆ ನಿದರ್ಶನವಾಗಿರುವುದು.

ಉಡುಪಿಗೆ ತೆಂಕಲಾಗಿ, ಕಟಪಾಡಿಗೆ ಪಡುವಲಾಗಿ, ಹೊಳೆಗೂ ಕಡಲಿಗೂ ನಡುವೆ ಮಟ್ಟು ಎಂಬ ಗ್ರಾಮವಿದೆ. ವಾದಿರಾಜ ಯತಿಗಳ ಅನುಗ್ರಹದಿಂದ ಬಂದುದೆಂದು ಐತಿಹ್ಯವುಳ್ಳ ಗುಳ್ಳದ ಬೆಳೆಯಿಂದ ಈ ಗ್ರಾಮವು ಜಿಲ್ಲೆಯಲ್ಲೆಲ್ಲ ಪ್ರಸಿದ್ಧ. ಈ ತೀರದ ಎರಡು ತುದಿಗಳಲ್ಲಿ, ತೆಂಕಣ ಮುಲ್ಕಿಯಲ್ಲಿಯೂ ಬಡಗಣ ಉಡುಪಿಯಲ್ಲಿಯೂ, ಮಿಶನ್ನಿನ ಎರಡು ಠಾಣೆಗಳು ಸ್ಥಾಪಿತವಾದುವು. ಸೇತುವೆಗಳಿಲ್ಲದ ಆ ಕಾಲದಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮುಲ್ಕಿಯ ಬಳಿ ಶಾಂಭವಿಯನ್ನೂ ಉದ್ಯಾವರದ ಬಳಿ ಅಲ್ಲಿಯ ಹೊಳೆಯನ್ನೂ ದೋಣಿಯಲ್ಲಿ ದಾಟಬೇಕಾಗಿದ್ದಿತು. ಮಟ್ಟು, ಕಾಪು, ಉಚ್ಚಿಲಗಳ ಕಡೆಯ ಜನರು ಈ ಎರಡು ಠಾಣೆಗಳ ನಡುವಣ ದೇಶದವರು.

ಬಾಸೆಲ್ ಎಂಬುದು ಸ್ವಿಟ್ಜರ್ಲೆಂಡಿನಲ್ಲಿ ರೈನ್ ನದಿಯ ದಡದಲ್ಲಿರುವ ಪಟ್ಟಣ. ಅಲ್ಲಿ 1815ರಲ್ಲಿ ಈ ಮಿಶನ್ ಹುಟ್ಟಿತು. ಅದರ ಉಪದೇಶಕರಲ್ಲಿ ಅನೇಕರು ಜರ್ಮನಿಯ ವೂರ್ಟೆಂಬರ್ಗ್ ಪ್ರಾಂತದ ರೈತರ ಮತ್ತು ಕುಶಲಕರ್ಮಿಗಳ ಮಕ್ಕಳಾಗಿದ್ದರು. ಬ್ರಿಟಿಷರಲ್ಲದವರು ಭಾರತದಲ್ಲಿ ನೆಲೆಸಿ ಕೆಲಸಮಾಡುವುದಕ್ಕೆ ಇದ್ದ ನಿರ್ಬಂಧವು 1833ರ ಶಾಸನದಿಂದ ಸಡಿಲವಾಯಿತು. ಮರುವರ್ಷವೇ, ಎಂದರೆ 1834ರ ಅಕ್ಟೋಬರದಲ್ಲಿ, ಸಾಮ್ಯುವೆಲ್ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಕಲ್ಲಿಕೋಟೆಯಲ್ಲಿ ಹಡಗಿನಿಂದಿಳಿದು ಮಂಗಳೂರಿಗೆ ಬಂದು ಸೇರಿದರು. 1836ರಲ್ಲಿ ಹೆರ್ಮನ್ ಮೋಗ್ಲಿಂಗರು ಬಂದರು. ಇವರೇ 1843ನೆಯ ಜುಲೈ 1ರಂದು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿ ಕನ್ನಡ ಪತ್ರಿಕೋದ್ಯಮಕ್ಕೆ ನಾಂದಿಯನ್ನು ಹಾಡಿದವರೆಂಬುದು ವಾಚಕರಿಗೆ ವಿದಿತವೇ ಆಗಿದೆ. 1845ರಲ್ಲಿ ಅಮ್ಮನ್ ಎಂಬ ಉಪದೇಶಕರ ಮೂಲಕ ಮುಲ್ಕಿಯಲ್ಲಿಯೂ, 1854ರಲ್ಲಿ ಉಡುಪಿಯಲ್ಲಿಯೂ ಠಾಣೆಗಳಾದುವು. ಕಾಲಕ್ರಮದಲ್ಲಿ ಮುಲ್ಕಿಯು ಹೆಣ್ಣುಮಕ್ಕಳ ಅನಾಥಶಾಲೆಗೂ ಉಡುಪಿಯು ಗಂಡುಮಕ್ಕಳ ಅನಾಥಶಾಲೆಗೂ ನೆಲೆಯಾದುವು.

ಇಲ್ಲಿ ಒಂದು ಪ್ರಶ್ನೆಯು ಏಳುವುದು ಸಹಜ. ತುಳುನಾಡಿನಲ್ಲಿ ಅನಾಥಶಾಲೆಗೆ ಅವಶ್ಯಕತೆಯಾದರೂ ಏನಿದ್ದಿತು? ಇಲ್ಲಿಯ ಬಹುಜನರಲ್ಲಿ ಆಗ ಅಳಿಯಸಂತಾನದ ಕಟ್ಟು ನಡೆದು ಬರುತ್ತಿದ್ದಿತು. ಆ ಕಟ್ಟಿನಲ್ಲಿ ಮಗುವು ತಂದೆಯ ಸೊತ್ತಲ್ಲ, ತಾಯಿಯ ಕುಟುಂಬಕ್ಕೆ ಸೇರಿದುದು. ತಂದೆಯು ಸತ್ತರೆ ಸೋದರಮಾವನಿದ್ದಾನೆ; ತಾಯಿಯು ಸತ್ತರೆ ಅಜ್ಜಿಯೂ ದೊಡ್ಡಮ್ಮ ಚಿಕ್ಕಮ್ಮಂದಿರೂ ಇದ್ದಾರೆ. ಕುಟುಂಬವೆಂಬ ಮರವು ನಿಂತಿರುವ ತನಕ ಒಂದು ಕೊಂಬೆಯು ಮುರಿದ ಮಾತ್ರಕ್ಕೆ ಹಕ್ಕಿಯ ಮರಿಗೆ ನೆರಳು ತಪ್ಪದು. ಹಾಗಿದ್ದ ಮೇಲೆ ಅನಾಥನೆಂದರೆ ತಾಯಿತಂದೆಗಳಿಲ್ಲದವನು ಮಾತ್ರವಲ್ಲ, ಕುಟುಂಬದಿಂದ ಹೊರಗಾದವನು ಎಂದು ಅರ್ಥವಾಗುವುದು. ವಾಂತಿಭೇದಿ, ಸಿಡುಬುಗಳಂತಹ ಮಾರಿಗಳು ಬಂದು ಇಡಿಯ ಮನೆಯೇ ಬರಿದಾದಾಗ ಕೆಲವು ಮಕ್ಕಳು ಹೀಗೆ ಹೊರಗಾಗುತ್ತಿದ್ದರು. ಇನ್ನು ಕೆಲವರು ಹೊರಗಾದುದಕ್ಕೆ ಮತಾಂತರವೇ ಕಾರಣವಾಗಿದ್ದಿತು.

ಈ ಎರಡನೆಯ ಕಾರಣವನ್ನು ಮುಚ್ಚಿಡುವುದು ಚರಿತ್ರಕಾರನಿಗೆ ಉಚಿತವಲ್ಲ. ಈ ತೀರದಲ್ಲಿ ಮಿಶನ್ನನ್ನು ಸೇರಿದವರಲ್ಲಿ ಹೆಚ್ಚಿನವರು ಬಿಲ್ಲವರು. ಕ್ರೈಸ್ತರಾದೊಡನೆಯೇ ಅವರಿಗೆ ಕುಟುಂಬದ ಸಂಬಂಧವು ಕಡಿಯುತ್ತಿದ್ದಿತು. ಒಕ್ಕಲಾಗಿದ್ದ ಭೂಮಿಯು ಕೈಬಿಡುವ ಭೀತಿಯಿದ್ದಿತು. ಕಳ್ಳಿಳಿಸುವ ವೃತ್ತಿಯನ್ನು ಮಿಶನ್ನಿನವರು ಒಪ್ಪದ ಕಾರಣ ಕುಲಕಸುಬು ಕೂಡ ಹೋಗುತ್ತಿದ್ದಿತು. ಮತಾಂತರದಿಂದ ಸೊತ್ತಿನ ಹಕ್ಕು ನಷ್ಟವಾಗಕೂಡದೆಂದು 1850ರಲ್ಲಿ ಸರಕಾರವು ಕಾನೂನನ್ನೇನೋ ಮಾಡಿತು. ಆದರೆ ಕಾನೂನು ಕೋರ್ಟಿನಲ್ಲಿ ಸೊತ್ತನ್ನು ಕೊಡಿಸಬಲ್ಲುದೇ ಹೊರತು ಮನೆಯ ಚಾವಡಿಯಲ್ಲಿ ಎಲೆ ಹಾಕಿಸಲಾರದು. ಇಂತಹ ತಂದೆತಾಯಿಗಳು ಅಕಾಲದಲ್ಲಿ ಮೃತರಾದರೆ ಅವರ ಮಕ್ಕಳಿಗೆ ಸೋದರಮಾವನಿದ್ದೂ ಇಲ್ಲದಂತಾಗುತ್ತಿದ್ದಿತು. ಹೀಗೆ ಮಿಶನ್ನಿನ ಅನಾಥಶಾಲೆಯು ಒಂದು ಕಡೆಯಲ್ಲಿ ದೈವಕೃತವಾದ ಅನಾಥತ್ವಕ್ಕೂ, ಇನ್ನೊಂದು ಕಡೆಯಲ್ಲಿ ಮಿಶನ್ನಿನ ಉಪದೇಶದಿಂದಲೇ ಪ್ರಾಪ್ತವಾದ ಅನಾಥತ್ವಕ್ಕೂ ಆಶ್ರಯವಾಯಿತು. ಕುಟುಂಬವನ್ನು ಬಿಡಿಸಿದವರೇ ಬೇರೊಂದು ಕುಟುಂಬವನ್ನು ಕಟ್ಟಿಕೊಡಬೇಕಾದ ಹೊಣೆಯನ್ನು ಹೊತ್ತರು.

ಆ ಹೊಸ ಕುಟುಂಬದ ರಚನೆಯು ಗಮನಾರ್ಹವಾಗಿದೆ. ಠಾಣೆಯ ಮಧ್ಯದಲ್ಲಿ ಪಾದ್ರಿಯ ಬಂಗಲೆ, ಅದರ ಸಮೀಪದಲ್ಲಿ ದೇವಾಲಯ, ಶಾಲೆ, ಮಕ್ಕಳ ಮನೆ, ಬಾವಿ, ತೆಂಗಿನ ತೋಟ; ಇವೆಲ್ಲಕ್ಕೂ ಒಂದೇ ಗಂಟೆಯ ನಾದ. ಪ್ರಾತಃಕಾಲದಲ್ಲಿ ಪ್ರಾರ್ಥನೆ, ಬಳಿಕ ಪಾಠ, ಬಳಿಕ ಕೈಕೆಲಸ. ಹುಡುಗರಿಗೆ ಓದುಬರಹದೊಡನೆ ಕುಶಲವೃತ್ತಿಗಳು. ಹುಡುಗಿಯರಿಗೆ ಅಕ್ಷರಾಭ್ಯಾಸ, ಅಡಿಗೆ, ಹೊಲಿಗೆ, ಕಸೂತಿ. ಹೆಣ್ಣುಮಕ್ಕಳಿಗೆ ಅಕ್ಷರವನ್ನು ಕಲಿಸಿದರೆ ಅನಿಷ್ಟವಾಗುವುದೆಂದು ಸಂಪನ್ನ ಗೃಹಸ್ಥರೇ ಶಂಕಿಸುತ್ತಿದ್ದ ಕಾಲದಲ್ಲಿ ಮುಲ್ಕಿಯ ಅನಾಥ ಬಾಲಿಕೆಯರು ಪುಸ್ತಕವನ್ನು ಓದುತ್ತಿದ್ದರೆಂಬುದು ಅಲ್ಪ ವಿಷಯವಲ್ಲ. ಪ್ರಾಯಕ್ಕೆ ಬಂದ ಹುಡುಗಿಯರಿಗೆ ಕ್ರೈಸ್ತ ತರುಣರಲ್ಲಿಯೇ ವರರನ್ನು ನೋಡಿ ಮದುವೆ ಮಾಡಿಸುವ ಭಾರವೂ ಪಾದ್ರಿದಂಪತಿಗಳದಾಗಿದ್ದಿತು. ಕುಟುಂಬವಿಲ್ಲದ ವಧುವಿಗೂ ಕುಟುಂಬದಿಂದ ಹೊರಬಿದ್ದ ವರನಿಗೂ ಬಂಗಲೆಯ ಜಗಲಿಯೇ ತವರುಮನೆಯಾಯಿತು.

ಬೆಳೆದ ಹುಡುಗರಿಗೆ ಉದ್ಯೋಗವು ಬೇಕಾಗಿದ್ದಿತು. ಭೂಮಿಯಿಲ್ಲ, ಕುಲವೃತ್ತಿಯಿಲ್ಲ, ದಾನದಿಂದ ಎಷ್ಟು ಕಾಲ ಜೀವಿಸಲಾದೀತು? ಮಿಶನ್ನಿನ ಕೈಗಾರಿಕೆಗಳು ಹುಟ್ಟಿದುದು ಈ ಸಂಕಟದಿಂದಲೇ. ಮಂಗಳೂರಿನಲ್ಲಿ ಮೊದಲು ಮುದ್ರಣಾಲಯ, ಬಳಿಕ ನೇಯ್ಗೆಯ ಕಾರ್ಖಾನೆಗಳಾದುವು. 1851ರಲ್ಲಿ ಬಂದ ಹಾಲರ್ ಎಂಬವರು ನೇಯ್ಗೆಯನ್ನು ಅಭಿವೃದ್ಧಿಪಡಿಸಿದರು. ‘ಖಾಕಿ’ ಬಣ್ಣದ ಬಟ್ಟೆಯು ಇವರ ಕಾರ್ಖಾನೆಯಲ್ಲಿ ಸಿದ್ಧವಾಯಿತೆಂಬ ಪ್ರತೀತಿಯು ಜಿಲ್ಲೆಯಲ್ಲಿ ರೂಢವಾಗಿದೆ. 1865ರಲ್ಲಿ ಪ್ಲೆಬ್ಸ್ಟ್ ಎಂಬವರು ನೇತ್ರಾವತಿಯ ದಡದಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಹೊಳೆಯ ಜೇಡಿಮಣ್ಣು, ಮಲೆಯ ಸೌದೆ, ಸಾಗಿಸಲು ದೋಣಿಗಳು, ಇವು ಮೂರೂ ಒಂದೆಡೆಯಲ್ಲಿ ದೊರೆತುದರಿಂದ ಆ ಉದ್ಯಮವು ಬೇಗನೆ ಹಬ್ಬಿತು. ಮಲ್ಪೆಯಲ್ಲಿಯೂ ಮಿಶನ್ನಿನ ಹೆಂಚಿನ ಕಾರ್ಖಾನೆಯಾಯಿತು. ಮುಳಿಹುಲ್ಲಿನ ಮಾಡುಗಳಿದ್ದ ಊರುಗಳಲ್ಲಿ ಕೆಂಪು ಹೆಂಚಿನ ಮನೆಗಳು ಎದ್ದುದಕ್ಕೆ ಹಿನ್ನೆಲೆಯಲ್ಲಿ, ಕಸುಬಿಲ್ಲದೆ ನಿಂತ ಕೆಲವು ಬಡಕುಟುಂಬಗಳ ಅನ್ನದ ಪ್ರಶ್ನೆಯಿದ್ದಿತೆಂಬುದನ್ನು ಮರೆಯಲಾಗದು.

ಇಷ್ಟರಿಂದ ಪಾದ್ರಿಸಂಸಾರಗಳು ಪರರಿಗಾಗಿ ಮಾಡಿದುದು ತಿಳಿಯಿತು. ಅವು ತಮ್ಮ ಮಟ್ಟಿಗೆ ಅನುಭವಿಸಿದುದನ್ನೂ ತಿಳಿಯಬೇಕು. ಬಾಸೆಲಿನ ಸಮಿತಿಯ ನಿಯಮಗಳು ಅತಿ ಕಠಿನವಾಗಿದ್ದುವು. ಉಪದೇಶಕನು ಅವಿವಾಹಿತನಾಗಿ ಹೊರಡಬೇಕು. ಕೆಲವು ವರ್ಷ ಕೆಲಸ ಮಾಡಿದ ಮೇಲೆ ಸಮಿತಿಯ ಅಪ್ಪಣೆಯನ್ನು ಪಡೆದು ಮದುವೆಯಾಗಬೇಕು. ಅನೇಕ ವೇಳೆ ವಧುವು ವರನ ಮುಖವನ್ನೇ ಕಾಣದೆ ಒಪ್ಪಿ, ಸಮುದ್ರವನ್ನು ದಾಟಿ ಬರುತ್ತಿದ್ದಳು. ಬಂದವಳಿಗೆ ತಿಳಿಯದ ಭಾಷೆ, ಮುಂಗಾರಿನ ಅವಿಚ್ಛಿನ್ನ ಮಳೆ, ಜ್ವರ, ಇವುಗಳ ನಡುವೆ ಬಂಗಲೆಯ ಗೃಹಿಣಿಯ ಕೆಲಸದೊಡನೆ ಅನಾಥಶಾಲೆಯ ಮಾತೃಸ್ಥಾನವೂ ಒದಗುತ್ತಿದ್ದಿತು. ಕಿಟ್ಟೆಲರ ಸಂಸಾರವೇ ಇದಕ್ಕೆ ಸಾಕ್ಷಿ. 1853ರಲ್ಲಿ ಇಲ್ಲಿಗೆ ಬಂದ ಅವರು 1860ರಲ್ಲಿ ಪೌಲೀನೆ ಐತ್ ಎಂಬವರನ್ನು ವಿವಾಹವಾದರು. ಆಕೆಯು 1864ರಲ್ಲಿ ಕಾಲವಶಳಾದಳು. ಬಳಿಕ 1867ರಲ್ಲಿ ಆಕೆಯ ತಂಗಿಯನ್ನು ಕಿಟ್ಟೆಲರು ಮದುವೆಯಾದರು. ಕನ್ನಡಿಗರು ಇಂದಿಗೂ ಕೈಗೆತ್ತಿಕೊಳ್ಳುವ 1894ರ ನಿಘಂಟಿನ ಹಿಂದೆ ಇಂತಹ ಗೃಹದುಃಖವೂ ಅಡಗಿದೆ. ಮೋಗ್ಲಿಂಗರು ತಮ್ಮ ಸಹೋದ್ಯೋಗಿ ವೈಗಲೆಯವರು 1855ರಲ್ಲಿ ತೀರಿಕೊಂಡ ಮೇಲೆ ಅವರ ವಿಧವೆಯನ್ನು ವಿವಾಹವಾಗಿ, ತಂದೆಯಿಲ್ಲದ ಆ ಮಕ್ಕಳಿಗೆ ತಂದೆಯಾದರು.

ಎಲ್ಲಕ್ಕಿಂತಲೂ ದಾರುಣವಾದ ನಿಯಮವು ಮಕ್ಕಳ ವಿಷಯದಲ್ಲಿದ್ದಿತು. ಉಷ್ಣದೇಶದಲ್ಲಿ ಯುರೋಪಿಯ ಶಿಶುಗಳು ಬದುಕುವುದು ಕಷ್ಟ, ಇಲ್ಲಿ ಅವರಿಗೆ ತಕ್ಕ ವಿದ್ಯೆಯೂ ದೊರೆಯದು ಎಂದು ಬಗೆದು, ಯೋಸನ್ಹಾನ್ಸ್ ಎಂಬ ಅಧ್ಯಕ್ಷರ ಕಾಲದಲ್ಲಿ, 1853ರಲ್ಲಿ, ಬಾಸೆಲಿನಲ್ಲಿ ‘ಮಕ್ಕಳ ಮನೆ’ ಎಂಬ ಸಂಸ್ಥೆಯನ್ನು ತೆರೆದರು. ಪಾದ್ರಿಗಳ ಮಕ್ಕಳನ್ನು ಆರೇಳು ವರ್ಷ ತುಂಬುವಷ್ಟರಲ್ಲಿ ಅಲ್ಲಿಗೆ ಕಳುಹಿಸುವುದು ಕಟ್ಟಳೆಯಾಯಿತು. ಸೂಯೆಜ್ ಕಾಲುವೆಯು ತೆರೆದುದು 1869ರಲ್ಲಿ. ಅದಕ್ಕೆ ಮುಂಚೆ ಹಡಗಿನ ಪ್ರಯಾಣಕ್ಕೆ ತಿಂಗಳುಗಳೇ ಹಿಡಿಯುತ್ತಿದ್ದುವು. ಕಳುಹಿಸಿದ ಮಗುವನ್ನು ತಾಯಿಯು ಮತ್ತೆ ಕಾಣಬೇಕಾದರೆ ಅನೇಕ ವರ್ಷಗಳು ಸಲ್ಲಬೇಕು. ಕಾಣುವ ಮೊದಲೇ ಒಬ್ಬರು ಮೃತರಾದುದೂ ಉಂಟು. ತಲಚೇರಿಯ ಹೆರ್ಮನ್ ಗುಂಡರ್ಟರ ಮಗಳು ಮರೀ 1842ರಲ್ಲಿ ಅಲ್ಲಿ ಹುಟ್ಟಿ, ಎಳವೆಯಲ್ಲಿಯೇ ಯುರೋಪಿನಲ್ಲಿ ಬಿಡಲ್ಪಟ್ಟು, ಹದಿನೈದರ ಪ್ರಾಯದಲ್ಲಿ ತಾಯಿತಂದೆಗಳ ಬಳಿಗೆ ಮರಳಿದಳು. ಈಕೆಯೇ ಮುಂದೆ, ಮಂಗಳೂರಿನಲ್ಲಿ ಕೆಲವು ವರ್ಷ ಉಪಾಧ್ಯಾಯರಾಗಿದ್ದ ಯೋಹಾನೆಸ್ ಹೆಸ್ಸೆಯವರನ್ನು ವರಿಸಿ, 1946ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ಹೆರ್ಮನ್ ಹೆಸ್ಸೆಗೆ ತಾಯಿಯಾದಳು.

ಉಡುಪಿಯ ಸೀಮೆಯವರಿಗೆ ದೇವಕಿ ಯಶೋದೆಯರ ಕಥೆಯನ್ನು ಹೊಸದಾಗಿ ಹೇಳಬೇಕಾಗಿಲ್ಲ. ಹೆತ್ತವಳಿಗೆ ಮಗುವಿನ ಬಾಲಲೀಲೆಯು ಕಾಣದು. ಸಾಕಿದವಳಿಗೆ ಆ ಭಾಗ್ಯವೆಲ್ಲ. ಪಾದ್ರಿಗಳ ಪತ್ನಿಯರಿಗಾದರೋ ಈ ಎರಡು ಅವಸ್ಥೆಗಳೂ ಏಕಕಾಲದಲ್ಲಿ ಒದಗಿದುವು. ಮುಲ್ಕಿಯ ಹೆಣ್ಣುಮಗುವಿಗೆ ಅವರು ಯಶೋದೆ. ಬಾಸೆಲಿನಲ್ಲಿದ್ದ ಸ್ವಂತ ಮಗುವಿಗೆ ದೇವಕಿ. ಇಲ್ಲಿ ಅನಾಥರಿಗೆ ತಾಯಿಯಾದವರ ಮಕ್ಕಳು ಅಲ್ಲಿ ತಾಯಿತಂದೆಗಳಿದ್ದೂ ಅನಾಥರಂತೆ ಬೆಳೆದರು. ಇದನ್ನು ತ್ಯಾಗವೆಂದು ಕೆಲವರು ಶ್ಲಾಘಿಸುವರು. ಶಿಶುಗಳಿಗೆ ಮಾಡಿದ ಅನ್ಯಾಯವೆಂದು ಕೆಲವರು ಆಕ್ಷೇಪಿಸುವರು. ತ್ಯಾಗವನ್ನು ಮಾಡಿದವರು ಹಿರಿಯರಾದರೂ ಅದರ ಭಾರವನ್ನು ಹೊತ್ತವರು ಏನನ್ನೂ ಅರಿಯದ ಕಿರಿಯರು ಎಂಬುದಂತೂ ನಿಶ್ಚಯ. ಮತಾಂತರವಾದ ಕುಟುಂಬಗಳ ಮಕ್ಕಳ ವಿಷಯದಲ್ಲಿಯೂ ಇದೇ ಮಾತು ಸಲ್ಲುವುದು.

ಈ ದೇಶದವನೇ ಯಜಮಾನನಾದ ಒಂದು ಪಾದ್ರಿಸಂಸಾರವೂ ಇದ್ದಿತು. ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು 1844ರ ಜನವರಿ 6ರಂದು ಕ್ರೈಸ್ತದೀಕ್ಷೆಯನ್ನು ಪಡೆದಾಗ ಪಟ್ಟಣವೆಲ್ಲ ಕ್ಷೋಭೆಗೊಂಡಿತು. ಬಾಲ್ಯದಲ್ಲಿ ಕೈಹಿಡಿದ ಪತ್ನಿಯು ಅವರೊಡನೆ ಬರಲು ಒಪ್ಪಲಿಲ್ಲ. 1846ರಿಂದ 1851ರ ವರೆಗೆ ಬಾಸೆಲಿನಲ್ಲಿ ವ್ಯಾಸಂಗಮಾಡಿ, ಉಪದೇಶಕರಾಗಿ ಹಿಂತಿರುಗಿ, 1860ರಲ್ಲಿ ಜರ್ಮನಿಯಿಂದ ಬಂದ ಮರೀ ರೈನ್‌ಹಾರ್ಟ್ ಎಂಬವರನ್ನು ವಿವಾಹವಾದರು. 1893ರಲ್ಲಿ ಅವರು ದಿವಂಗತರಾದರು. ಆ ಮನೆಯ ಹಿರಿಮೆಯನ್ನು ಹೇಳುವಾಗ, ಹಿಂದುಳಿದ ಆ ಮೊದಲನೆಯ ಬಾಲೆಯ ಮೌನವನ್ನೂ ನೆನೆಯುವುದು ನ್ಯಾಯ.

ಭಾಷೆಗೆ ಆದ ಲಾಭವು ಪ್ರಸಿದ್ಧವಾದುದು. ಪ್ರಾರ್ಥನೆಯು ಜನರಿಗೆ ತಿಳಿಯಬೇಕೆಂಬ ಕಾರಣದಿಂದ ಗ್ರೈನರ್, ಅಮ್ಮನ್ ಮೊದಲಾದವರು ತುಳುವನ್ನು ಕಲಿತರು. ತುಳುವಿನ ಹೊಸ ಒಡಂಬಡಿಕೆಯು 1847ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾಯಿತು. 1872ರಲ್ಲಿ ಬ್ರಿಗೆಲರ ತುಳು ವ್ಯಾಕರಣವೂ, 1886ರಲ್ಲಿ ಮ್ಯಾನರರ ತುಳು ನಿಘಂಟುವೂ ಹೊರಬಂದುವು. ಕಿಟ್ಟೆಲರು 1872ರಲ್ಲಿ ಕೇಶಿರಾಜನ ಶಬ್ದಮಣಿದರ್ಪಣವನ್ನೂ, 1875ರಲ್ಲಿ ನಾಗವರ್ಮನ ಛಂದಸ್ಸನ್ನೂ ಸಂಪಾದಿಸಿದರು. ಪರಮತವನ್ನು ಖಂಡಿಸಲು ಬಂದವರು ಆ ಮತದವರ ನುಡಿಯನ್ನು ಜೀವಮಾನವೆಲ್ಲ ಸೇವಿಸಿದರೆಂಬುದು ಚರಿತ್ರೆಯ ವೈಚಿತ್ರ್ಯಗಳಲ್ಲೊಂದು.

1914ರಲ್ಲಿ ಮಹಾಯುದ್ಧವು ಒದಗಲು ಜರ್ಮನ್ ಉಪದೇಶಕರು ಶತ್ರುದೇಶದವರೆನಿಸಿದರು. ಅನೇಕರನ್ನು ಅಹಮ್ಮದನಗರದಲ್ಲಿ ನಿರ್ಬಂಧದಲ್ಲಿರಿಸಿ ಬಳಿಕ ಸ್ವದೇಶಕ್ಕೆ ಸಾಗಿಸಿದರು. ಕಾರ್ಖಾನೆಗಳು ಪರರ ವಶವಾದುವು. ಠಾಣೆಗಳ ಮಕ್ಕಳು ಇನ್ನೊಮ್ಮೆ ತಂದೆತಾಯಿಗಳನ್ನು ಕಳೆದುಕೊಂಡಂತಾಯಿತು. ಆದರೆ ಅಷ್ಟರಲ್ಲಿ ಈ ನಾಡಿನ ಕ್ರೈಸ್ತರಲ್ಲಿಯೇ ಬೋಧಕರೂ ಉಪಾಧ್ಯಾಯರೂ ಸಿದ್ಧರಾಗಿದ್ದುದರಿಂದ ಸಭೆಯು ಚೆದರಿಹೋಗಲಿಲ್ಲ. ಯುದ್ಧಾನಂತರ ಸ್ವಿಟ್ಜರ್ಲೆಂಡಿನ ವೈದ್ಯೆ ಇವಾ ಲೊಂಬಾರ್ಡರು 1923ರಲ್ಲಿ ಉಡುಪಿಯಲ್ಲಿ ಚಿಕಿತ್ಸಾಲಯವನ್ನು ಆರಂಭಿಸಿದರು. ಅವರ ಹೆಸರನ್ನು ಹೊತ್ತ ಆಸ್ಪತ್ರೆಗೆ ಎಲ್ಲ ಜಾತಿಮತಗಳವರೂ ಹೋಗುವರು. ಹಳೆಯ ಮಿಶನ್ನಿನ ಸಭೆಗಳು ಇಂದು ದಕ್ಷಿಣ ಭಾರತ ಸಭೆಯಲ್ಲಿ ಸೇರಿವೆ.

ಈ ವೃತ್ತಾಂತವನ್ನು ಸ್ತುತಿಯಾಗಿ ಓದುವುದೂ ನಿಂದೆಯಾಗಿ ಓದುವುದೂ ಸುಲಭ. ಅನ್ನವಿಕ್ಕಿದ ಕೈ ಯಾವುದೆಂದು ಕೇಳಿ ಕೃತಜ್ಞತೆಯನ್ನು ತೂಗಬಾರದು. ಅನ್ನವನ್ನಿಕ್ಕಿದ ಮಾತ್ರಕ್ಕೆ ಕುಲ, ಹೆಸರು, ನೆನಪುಗಳನ್ನು ಮಗುವಿನಿಂದ ಪಡೆದುಕೊಳ್ಳುವ ಹಕ್ಕು ಉಂಟಾಗುವುದೆಂದೂ ಹೇಳಬಾರದು. ಇವೆರಡು ಮಾತುಗಳೂ ಸತ್ಯವೇ. ಪಾದ್ರಿಗಳ ಪತ್ರಗಳು ಬಾಸೆಲಿನಲ್ಲಿ ಸುರಕ್ಷಿತವಾಗಿವೆ; ಅವರ ಕಡೆಯ ಮಾತು ಚರಿತ್ರೆಗೆ ದೊರೆತಿದೆ. ಮುಲ್ಕಿ ಉಡುಪಿಗಳ ಮನೆಗಳಲ್ಲಿ ಬೆಳೆದ ಮಕ್ಕಳ ಮಾತಾದರೋ ಮೊಮ್ಮಕ್ಕಳ, ಮರಿಮಕ್ಕಳ ಬಾಯಲ್ಲಿ ಮಾತ್ರ ಉಳಿದಿದೆ. ಹಿರಿಯರಿರುವ ಮನೆಗಳಲ್ಲಿ ಅದನ್ನು ಕೇಳಿ ಬರೆದಿಡುವವರು ಮುಂದೆ ಬಂದರೆ, ಈ ತೀರದ ಚರಿತ್ರೆಯಲ್ಲಿ ಈವರೆಗೆ ಬರಿದಾಗಿ ಉಳಿದಿರುವ ಒಂದು ಪುಟವು ತುಂಬುವುದು.