ಮನೆಯೊಳಗಿನ ಸಿನಿಮಾ, ಜಗಲಿಯ ಮೇಲಿನ ತೀರ್ಪು

ಕನ್ನಡ ಚಲನಚಿತ್ರದ ಇತಿಹಾಸವನ್ನು ಬರೆದವರು ಬಹುಮಟ್ಟಿಗೆ ನಟರು, ನಿರ್ದೇಶಕರು, ಸ್ಟುಡಿಯೊಗಳು, ಪ್ರಶಸ್ತಿಗಳು ಎಂಬ ನಿರ್ಮಾಣದ ಕಡೆಗೇ ಗಮನ ಕೊಟ್ಟಿದ್ದಾರೆ. ಚಿತ್ರ ನೋಡಿದವರು ಮಾರನೆಯ ದಿನ ಅದರ ಬಗ್ಗೆ ಆಡಿಕೊಂಡ ಮಾತು ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಎಂಬುದು ಅವರ ಕಣ್ಣಿಗೆ ಅಷ್ಟಾಗಿ ಬಿದ್ದಿಲ್ಲ. ಪತ್ರಿಕೆಯ ವಿಮರ್ಶೆಯು ಅಚ್ಚಾಗಿ ಉಳಿಯುತ್ತದೆ, ಮನೆಮಾತು ಆಡಿದಲ್ಲೇ ಕರಗಿಹೋಗುತ್ತದೆ ಎಂಬುದು ಇದಕ್ಕೆ ಸಹಜವಾದ ಕಾರಣ. ಆದರೂ ಈ ಮಾತಿನ ಸ್ವರೂಪವನ್ನು ತಿದ್ದುತ್ತ ಬಂದದ್ದು ಚಿತ್ರಗಳ ಗುಣಮಟ್ಟಕ್ಕಿಂತ ಹೆಚ್ಚಾಗಿ ಒಂದು ಸರಳ ಸಂಗತಿ, ಅಂದರೆ ಕೇಳುತ್ತಿರುವವರು ಆ ಚಿತ್ರವನ್ನು ಆಗಲೇ ನೋಡಿದ್ದಾರೆಯೇ ಇಲ್ಲವೇ ಎಂಬುದು.

1934ರಲ್ಲಿ 'ಸತಿ ಸುಲೋಚನಾ' ತೆರೆಕಂಡು ಕನ್ನಡದಲ್ಲಿ ವಾಕ್ಚಿತ್ರದ ಕಾಲ ಆರಂಭವಾದಾಗಿನಿಂದ ಸುಮಾರು ಅರ್ಧ ಶತಮಾನದವರೆಗೆ ಸಿನಿಮಾ ಎಂದರೆ ಮನೆಯಿಂದ ಹೊರಟು, ಟಿಕೀಟು ಕೊಂಡು, ಹಿಂದಿರುಗಿ ಬರಬೇಕಾದ ಕಾರ್ಯಕ್ರಮವಾಗಿತ್ತು. ಪಟ್ಟಣಗಳಲ್ಲಿ ಟಾಕೀಸುಗಳಿದ್ದರೆ, ಹೋಬಳಿ ಮಟ್ಟದ ಊರುಗಳಲ್ಲಿ ಟೂರಿಂಗ್ ಟಾಕೀಸು, ಅಂದರೆ ಸರ್ಕಾರದ ಪರವಾನಗಿಯ ಮೇಲೆ ಊರಿನಿಂದ ಊರಿಗೆ ಡೇರೆ ಹೊತ್ತು ಸಾಗುತ್ತಿದ್ದ ಟೆಂಟು, ಆ ಕೆಲಸ ಮಾಡುತ್ತಿತ್ತು. ಅಲ್ಲಿ ನೆಲ, ಬೆಂಚು, ಕುರ್ಚಿ ಎಂದು ದರಕ್ಕೆ ತಕ್ಕಂತೆ ಜಾಗ ಬೇರೆ ಬೇರೆಯಾಗಿದ್ದು, ಹೆಂಗಸರಿಗೆ ಪ್ರತ್ಯೇಕ ಭಾಗವಿರುತ್ತಿತ್ತು. ಇಂಥ ವ್ಯವಸ್ಥೆಯಲ್ಲಿ ನೋಡಿಬಂದವನ ಅಭಿಪ್ರಾಯವು ಮೂಲತಃ ನೋಡದವರಿಗೆ ಕೊಡುವ ಸಲಹೆಯಾಗಿತ್ತು. ಕಾಸು ಹಾಕಬಹುದೇ, ಹೆಂಗಸರು ಮಕ್ಕಳನ್ನು ಕರೆದುಕೊಂಡು ಹೋಗಬಹುದೇ ಎಂಬ ಎರಡು ಪ್ರಶ್ನೆಗಳಿಗೆ ಅದು ಉತ್ತರ ಕೊಟ್ಟರೆ ಸಾಕಿತ್ತು. ಚಿತ್ರಮಂದಿರದ ಬಾಗಿಲಲ್ಲಿ ಮಾರುತ್ತಿದ್ದ ಹಾಡಿನ ಪುಸ್ತಕವೂ ಕಥಾಸಾರವನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದದ್ದನ್ನು ಬೆಳ್ಳಿತೆರೆಯ ಮೇಲೆ ನೋಡಬೇಕೆಂದು ಸೂಚಿಸುತ್ತಿತ್ತಾದ್ದರಿಂದ, ಮುಂದಿನ ಕಥೆ ಗೊತ್ತಿದ್ದವನಿಗೆ ಜಗಲಿಯ ಮೇಲೆ ವಿಶೇಷವಾದ ಗೌರವ ಸಲ್ಲುತ್ತಿತ್ತು.

ಈ ಗೌರವದಲ್ಲಿ ಹೆಂಗಸರ ಪಾಲು ಕಡಿಮೆಯೇ ಆಗಿತ್ತಾದರೂ, 1960ರ ದಶಕದ ಕೊನೆಯಿಂದ ಅವರಿಗೆ ಬೇರೊಂದು ಅಧಿಕಾರ ಒದಗಿತು. ತ್ರಿವೇಣಿಯವರ ಕಾದಂಬರಿಗಳನ್ನು ಆಧರಿಸಿ ಪುಟ್ಟಣ್ಣ ಕಣಗಾಲರು 'ಬೆಳ್ಳಿಮೋಡ' (1967), 'ಶರಪಂಜರ' (1971) ಚಿತ್ರಗಳನ್ನೂ, ಎಂ.ಕೆ. ಇಂದಿರಾ ಅವರ ಕಾದಂಬರಿಯಿಂದ 'ಗೆಜ್ಜೆಪೂಜೆ'ಯನ್ನೂ ತೆಗೆದಾಗ, ಸರ್ಕ್ಯುಲೇಟಿಂಗ್ ಲೈಬ್ರರಿಗಳಿಂದ, ಅಂದರೆ ದಿನಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಗಳಿಂದ, ಆ ಕಾದಂಬರಿಗಳನ್ನು ತರಿಸಿ ಮೊದಲೇ ಓದಿದ್ದ ಗೃಹಿಣಿಯರು ಚಿತ್ರದ ಬಗ್ಗೆ ಗಂಡಸರಿಗಿಂತ ಗಟ್ಟಿಯಾಗಿ ಮಾತನಾಡಬಲ್ಲವರಾದರು. ಕಾದಂಬರಿಯಲ್ಲಿ ಇದ್ದದ್ದು ಚಿತ್ರದಲ್ಲಿ ಏನಾಯಿತು ಎಂಬ ಹೋಲಿಕೆಯು ಮನೆಯೊಳಗಿನ ಸಿನಿಮಾ ವಿಮರ್ಶೆಯ ಮೊದಲ ಸಮರ್ಥ ಮಾನದಂಡವೆಂದು ಹೇಳಿದರೆ ತಪ್ಪಾಗಲಾರದು. 'ನಾಗರಹಾವು' (1972) ಚಿತ್ರವನ್ನು ನೋಡಿದ ಮೂಲ ಕಾದಂಬರಿಕಾರ ತ.ರಾ.ಸು. ಅವರು, ತಮ್ಮ ನಾಗರಹಾವನ್ನು ಪುಟ್ಟಣ್ಣನವರು ಕೇರೆಹಾವು ಮಾಡಿದರೆಂಬ ಅರ್ಥದ ಮಾತನ್ನು ಆಡಿದರೆಂದು ಪ್ರತೀತಿಯಿದೆ. ಅಂಥ ಚುಟುಕು ತೀರ್ಪು ಇಡೀ ನಾಡಿನಲ್ಲಿ ಬಾಯಿಂದ ಬಾಯಿಗೆ ಹರಡಿದ್ದು, ಅದೇ ಧಾಟಿಯ ಹೋಲಿಕೆ ಮನೆಮನೆಯಲ್ಲೂ ನಡೆದಿದ್ದರಿಂದಲೇ ಇರಬೇಕು.

ಸಿನಿಮಾ ಮನೆಯೊಳಗೆ ಕಾಲಿಟ್ಟದ್ದು ದೂರದರ್ಶನದ ಮೂಲಕ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ 'ಸೈಟ್' ಪ್ರಯೋಗ, ಅಂದರೆ ಉಪಗ್ರಹದ ನೆರವಿನಿಂದ ಹಳ್ಳಿಗಳಿಗೆ ಶೈಕ್ಷಣಿಕ ಕಾರ್ಯಕ್ರಮಗಳನ್ನು ತಲುಪಿಸುವ ಯೋಜನೆಯು, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ಆರಿಸಿಕೊಂಡಾಗ ಗುಲ್ಬರ್ಗ, ರಾಯಚೂರು, ಬಿಜಾಪುರ ಭಾಗದ ಊರುಗಳೂ ಅದರಲ್ಲಿ ಸೇರಿದ್ದವು. ಆದರೆ ಕೃಷಿ, ಆರೋಗ್ಯ, ಶಿಕ್ಷಣಗಳೇ ಅದರ ಗುರಿಯಾಗಿದ್ದು, ಪೆಟ್ಟಿಗೆಯೂ ಊರಿನ ಸಮುದಾಯದ ಸ್ವತ್ತಾಗಿತ್ತು. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾಗಿ, ಮರುವರ್ಷ ದೇಶದಲ್ಲಿ ಬಣ್ಣದ ಪ್ರಸಾರ ಶುರುವಾಗಿ, 1984ರ ಸುಮಾರಿಗೆ ಜಿಲ್ಲಾ ಕೇಂದ್ರಗಳಲ್ಲೆಲ್ಲ ಮರುಪ್ರಸಾರ ಗೋಪುರಗಳು ಒಂದರ ಹಿಂದೊಂದು ಎದ್ದ ಮೇಲೆಯೇ ವಾರಾಂತ್ಯದ ಚಲನಚಿತ್ರ ಎಂಬುದು ಮಧ್ಯಮವರ್ಗದ ಮನೆಗಳ ವ್ರತದಂತಾಯಿತು.

ಆ ಸಂಜೆಯ ಏರ್ಪಾಡನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬೀದಿಗೊಂದೋ ಎರಡೋ ಟಿ.ವಿ. ಇದ್ದ ಕಾಲವಾದ್ದರಿಂದ, ಮರದ ಜಾರುಬಾಗಿಲಿನ ಪೆಟ್ಟಿಗೆಯಿದ್ದ ಮನೆಯ ನಡುಮನೆ ಚಿತ್ರಕ್ಕೆ ಅರ್ಧ ಗಂಟೆ ಮೊದಲೇ ತುಂಬಿ, ಹೊಸ್ತಿಲಾಚೆ ಚಪ್ಪಲಿಗಳ ರಾಶಿ ಬೀಳುತ್ತಿತ್ತು. ಮಾಳಿಗೆಯ ಮೇಲೆ ಆಂಟೆನಾ ತಿರುಗಿಸುವ ಹುಡುಗ 'ಬಂತಾ?' ಎಂದು ಕೂಗಿದರೆ, ಕೆಳಗಿನಿಂದ 'ಬಂತು, ಬಂತು, ಹೋಯ್ತು' ಎಂಬ ಉತ್ತರ ಹೋಗುತ್ತಿತ್ತು. ಮನೆಯ ಯಜಮಾನರಿಗೆ ಕುರ್ಚಿ, ನೆಂಟರಿಗೆ ಮಂಚದ ಅಂಚು, ನೆರೆಹೊರೆಯ ಮಕ್ಕಳಿಗೆ ಚಾಪೆ ಎಂದು ಟೆಂಟಿನ ಶ್ರೇಣಿಯೇ ಬೇರೆ ರೂಪದಲ್ಲಿ ಇಲ್ಲಿ ಮರುಹುಟ್ಟು ಪಡೆದಿತ್ತು, ಮತ್ತು ಕೆಲವು ಊರುಗಳಲ್ಲಿ ಜಾತಿಯ ಕಾರಣಕ್ಕೆ ಕಿಟಕಿಯಾಚೆ ನಿಂತೇ ನೋಡಬೇಕಾದವರೂ ಇದ್ದರು ಎಂಬುದನ್ನು ಈ ನೆನಪುಗಳನ್ನು ಸಿಹಿಯಾಗಿ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುತ್ತಾರೆ. ಚಿತ್ರದ ನಡುವೆ ವಾರ್ತೆಗಳು ಬಂದಾಗ ಒಲೆಯ ಮೇಲಿಟ್ಟ ಅನ್ನವನ್ನು ನೋಡಲು ಎದ್ದ ಹೆಂಗಸರು ಅಡುಗೆಮನೆಯಿಂದಲೇ 'ಅವಳಿಗೆ ಹಾಗೇ ಆಗಬೇಕು' ಎಂದೋ, 'ಪಾಪ, ಅವನ ತಪ್ಪೇನಿದೆ' ಎಂದೋ ಪಾತ್ರಗಳ ನ್ಯಾಯ ತೀರ್ಮಾನಿಸುತ್ತಿದ್ದರು.

ಮಾರನೆಯ ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ, ಕಚೇರಿಯ ಕಾಫಿಯ ಹೊತ್ತಿನಲ್ಲಿ, ಶಾಲೆಯ ಅಂಗಳದಲ್ಲಿ ನಡೆದ ಮಾತಿನಲ್ಲಿ ಹಿಂದೆಂದೂ ಇರದಿದ್ದ ಒಂದು ಲಕ್ಷಣ ಕಾಣಿಸಿಕೊಂಡಿತು. ಎಲ್ಲರೂ ಅದೇ ರಾತ್ರಿ ಅದೇ ಚಿತ್ರವನ್ನು ಬಿಟ್ಟಿಯಾಗಿ ನೋಡಿದ್ದರಿಂದ ಕಥೆ ಹೇಳುವ ಅಗತ್ಯವಾಗಲಿ, ಸಲಹೆ ಕೊಡುವ ಅವಕಾಶವಾಗಲಿ ಇರಲಿಲ್ಲ. ಉಳಿದದ್ದು ತೀರ್ಪು ಮತ್ತು ಅದಕ್ಕೆ ಎದುರು ತೀರ್ಪು ಮಾತ್ರ. ಅಜ್ಜಿ, ಸೊಸೆ, ಏಳನೆಯ ತರಗತಿಯ ಹುಡುಗ ಎಲ್ಲರಿಗೂ ಸಮಾನವಾದ ಆಧಾರವಿದ್ದು, ಟಿಕೀಟಿಗೆ ದುಡ್ಡು ಕೊಟ್ಟವನ ಮಾತಿಗೇ ಹೆಚ್ಚು ಬೆಲೆಯೆಂಬ ಹಳೆಯ ನಿಯಮ ಬಿದ್ದುಹೋಯಿತು. ಕನ್ನಡನಾಡಿನಲ್ಲಿ ಸಿನಿಮಾ ಚರ್ಚೆ ಇಷ್ಟು ಸಮಪಾತಳಿಯಲ್ಲಿ ನಡೆದ ಕಾಲ ಅದಕ್ಕೆ ಮುಂಚೆಯೂ ಇರಲಿಲ್ಲ, ಅನಂತರವೂ ಬರಲಿಲ್ಲ.

ಭಾನುವಾರ ಮಧ್ಯಾಹ್ನ ದೆಹಲಿಯಿಂದ ಬರುತ್ತಿದ್ದ ಪ್ರಾದೇಶಿಕ ಭಾಷೆಗಳ ಚಿತ್ರಗಳು ಈ ಸಮಾನತೆಯನ್ನು ಪರೀಕ್ಷೆಗೆ ಒಡ್ಡಿದವು. ಮಲಯಾಳ, ಬಂಗಾಳಿ, ಅಸ್ಸಾಮಿ ಚಿತ್ರಗಳನ್ನು ಇಂಗ್ಲಿಷ್ ಅಡಿಬರಹಗಳೊಂದಿಗೆ ನೋಡಬೇಕಾಗಿ ಬಂದಾಗ, ಓದಬಲ್ಲ ಕಾಲೇಜು ಮಗಳು ಉಳಿದವರಿಗೆ ದುಭಾಷಿಯಾದಳು. ನಿಧಾನವಾಗಿ ಸಾಗುವ, ಹಾಡು ಹೊಡೆದಾಟಗಳಿಲ್ಲದ ಇಂಥ ಚಿತ್ರಗಳನ್ನೆಲ್ಲ 'ಅವಾರ್ಡ್ ಸಿನಿಮಾ' ಎಂಬ ಒಂದೇ ಗೂಡಿಗೆ ಸೇರಿಸಿ ನಿದ್ದೆಗೆ ಜಾರುವುದೂ ಮನೆಗಳ ವಾಡಿಕೆಯಾಯಿತು. ಆದರೆ ಸಾಮಾನ್ಯ ನೋಡುಗರಿಗೆ ಇವು ಎಟುಕುವುದಿಲ್ಲವೆಂಬ ನಿರ್ಣಯ ಅವಸರದ್ದು. ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೇತೃತ್ವದ ನೀನಾಸಮ್ ಸಂಸ್ಥೆ 1973ರಲ್ಲಿ ಚಿತ್ರಸಮಾಜವನ್ನು ಕಟ್ಟಿ, ಅಡಿಕೆ ತೋಟದ ನಡುವಿನ ಊರಿಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ತರಿಸಿ ತೋರಿಸಿದಾಗ, ಹಳ್ಳಿಯ ಜನ ಅವುಗಳ ಬಗ್ಗೆ ತಮ್ಮದೇ ರೀತಿಯಲ್ಲಿ ಸಲೀಸಾಗಿ ಮಾತನಾಡಿದ್ದುಂಟು. ವ್ಯತ್ಯಾಸವಿದ್ದದ್ದು ಇಷ್ಟೆ: ಹೆಗ್ಗೋಡಿನಲ್ಲಿ ಮಾತಿಗೆಂದೇ ಹೊತ್ತು ಮೀಸಲಿತ್ತು, ಭಾನುವಾರದ ಮನೆಯಲ್ಲಿ ಊಟದ ಮೇಲಿನ ಮಂಪರು ಇತ್ತು.

ದೂರದರ್ಶನ ಹರಡಿದ ಅದೇ ಎಂಬತ್ತರ ದಶಕದಲ್ಲಿ ವಿಡಿಯೋ ಬಂದು ಆಯ್ಕೆಯನ್ನು ಮನೆಯವರ ಕೈಗೆ ಕೊಟ್ಟಿತು. ವಿ.ಸಿ.ಪಿ., ಅಂದರೆ ಕ್ಯಾಸೆಟ್ಟನ್ನು ಓಡಿಸುವ ಆದರೆ ಮುದ್ರಿಸಿಕೊಳ್ಳಲಾಗದ ಯಂತ್ರವನ್ನು, ಬೇಕಾದರೆ ಟಿ.ವಿ. ಸಮೇತ, ಒಂದು ರಾತ್ರಿಗೆ ಬಾಡಿಗೆಗೆ ತಂದು, ನಾಲ್ಕಾರು ಮನೆಯವರು ಚಂದಾ ಹಾಕಿ, ಬೆಳಗಿನ ಜಾವದವರೆಗೆ ಮೂರು ನಾಲ್ಕು ಚಿತ್ರಗಳನ್ನು ನೋಡಿಬಿಡುವುದು ರೂಢಿಯಾಯಿತು. ಹಿರಿಯರು ಎಚ್ಚರವಿರುವಾಗ ಭಕ್ತಿಪ್ರಧಾನ ಚಿತ್ರ, ಆಮೇಲೆ ರಾಜಕುಮಾರ್, ಎಲ್ಲರೂ ಮಲಗಿದ ಮೇಲೆ ಹುಡುಗರ ಹೊಡೆದಾಟದ ಹಿಂದಿ ಚಿತ್ರ ಎಂಬಂಥ ಸರದಿಯಲ್ಲಿ ಮನೆಯ ಅಭಿರುಚಿಗಳ ನಡುವಿನ ಒಪ್ಪಂದವೂ ಕಾಣುತ್ತದೆ. ಇಲ್ಲಿ ಹೊಸ ವಿಮರ್ಶಕನಾಗಿ ಬಂದವನು ವಿಡಿಯೋ ಲೈಬ್ರರಿಯ ಅಂಗಡಿಯವನು. ಯಾವ ಮನೆಗೆ ಎಂಥ ಚಿತ್ರ ಹಿಡಿಸೀತೆಂದು ಅವನಿಗೆ ಗೊತ್ತಿರುತ್ತಿತ್ತು, ಕ್ಯಾಸೆಟ್ಟು ಹಿಂದಿರುಗಿಸುವಾಗ ಗಿರಾಕಿ ಆಡಿದ ಒಂದು ಮಾತೇ ಅವನು ಮುಂದಿನ ಗಿರಾಕಿಗೆ ಹೇಳುವ ಶಿಫಾರಸಾಗುತ್ತಿತ್ತು. ಕಳ್ಳಪ್ರತಿಗಳ ಹಾವಳಿಯಿಂದಾಗಿ 1984ರಲ್ಲಿ ಕೃತಿಸ್ವಾಮ್ಯ ಕಾಯಿದೆಗೆ ತಿದ್ದುಪಡಿ ತಂದು ಶಿಕ್ಷೆಯನ್ನು ಬಿಗಿಗೊಳಿಸಿದರೂ ದಂಧೆ ನಿಲ್ಲದೆ, 'ಪ್ರಿಂಟ್ ಹೇಗಿದೆ?' ಎಂಬ ಪ್ರಶ್ನೆ 'ಪಿಕ್ಚರ್ ಹೇಗಿದೆ?' ಎಂಬುದಕ್ಕಿಂತ ಮೊದಲು ಬರತೊಡಗಿತು. ಗೆರೆಗೆರೆಯಾಗಿ ನಡುಗುವ ಚಿತ್ರವನ್ನು ನೋಡಿ, ಹೆಡ್ ಒರೆಸಿ, ಮತ್ತೆ ಹಾಕಿ ನೋಡಿದವರು ಕೊಟ್ಟ ಅಭಿಪ್ರಾಯದಲ್ಲಿ ನಿರ್ದೇಶಕನ ತಪ್ಪೆಷ್ಟು, ಟೇಪಿನ ತಪ್ಪೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ.

ಕೇಬಲ್ಲಿನ ಕಾಲದ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. 1994ರಲ್ಲಿ ಉದಯ ಟಿ.ವಿ., 2000ದಲ್ಲಿ ಈಟಿವಿ ಕನ್ನಡ ಆರಂಭವಾಗಿ ಚಿತ್ರಗಳು ದಿನವೂ ಬರತೊಡಗಿದ ಮೇಲೆ 'ಬಂಗಾರದ ಮನುಷ್ಯ'ದಂಥ ಚಿತ್ರವನ್ನು ಹತ್ತಾರು ಸಲ, ಆದರೆ ಪ್ರತಿಸಲವೂ ನಡುವಿನಿಂದ ನೋಡಿದ ಪೀಳಿಗೆಯೊಂದು ಬೆಳೆಯಿತು. ಅವರ ಮಾತು ಇಡೀ ಚಿತ್ರದಿಂದ ಜಾರಿ ಒಂದು ದೃಶ್ಯಕ್ಕೆ, ಒಂದು ಸಂಭಾಷಣೆಗೆ, ಜಾಹೀರಾತಿನ ಉದ್ದಕ್ಕೆ ಬಂದು ನಿಂತಿತು.

2020ರ ಮಾರ್ಚಿನಲ್ಲಿ ಕೊರೊನಾದಿಂದಾಗಿ ಚಿತ್ರಮಂದಿರಗಳು ಮುಚ್ಚಿ, ಅದೇ ವರ್ಷದ ಜುಲೈನಲ್ಲಿ 'ಲಾ' ಮತ್ತು 'ಫ್ರೆಂಚ್ ಬಿರಿಯಾನಿ' ಚಿತ್ರಗಳು ಚಿತ್ರಮಂದಿರದ ಹಂಗಿಲ್ಲದೆ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಿಡುಗಡೆಯಾದಾಗ, ಕನ್ನಡದ ಹೊಸ ಚಿತ್ರವನ್ನು ಮೊದಲ ದಿನವೇ ಮನೆಯಲ್ಲಿ ಕುಳಿತು ನೋಡುವ ಪರಿಪಾಠ ಶುರುವಾಯಿತು. ಆದರೆ ಒಂದೇ ಮನೆಯಲ್ಲಿ ಮೂರು ಮೊಬೈಲುಗಳಲ್ಲಿ ಮೂರು ಚಿತ್ರಗಳು ಓಡುವಾಗ ಸೋಮವಾರದ ಕಾಫಿಯ ಹೊತ್ತಿಗೆ ಎಲ್ಲರಿಗೂ ಸಮಾನವಾದ ಚಿತ್ರವೊಂದು ಉಳಿಯುವುದಿಲ್ಲವಾದ್ದರಿಂದ, ಮಾತಿನ ಮೊದಲ ಅರ್ಧ ಯಾರು ಏನನ್ನು ಎಲ್ಲಿಯವರೆಗೆ ನೋಡಿದ್ದಾರೆಂದು ವಿಚಾರಿಸುವುದರಲ್ಲೇ ಕಳೆಯುತ್ತದೆ. ಕಥೆ ಬಿಟ್ಟುಕೊಡಬಾರದೆಂಬ ಎಚ್ಚರಿಕೆಯು ಮಾತಿನ ಉಳಿದರ್ಧವನ್ನು ಕಟ್ಟಿಹಾಕುತ್ತದೆ. ಟಿಕೀಟಿಗೆ ಕೊಟ್ಟ ಕಾಸಿನ ಹಿಡಿತವೂ ತಪ್ಪಿರುವುದರಿಂದ ಇಪ್ಪತ್ತು ನಿಮಿಷ ನೋಡಿ ನಿಲ್ಲಿಸಿದವನು ಕೂಡ 'ಎಳೆದಿದ್ದಾನೆ' ಎಂದು ತೀರ್ಪು ಕೊಡಬಲ್ಲ, ಮತ್ತು ಪೂರ್ತಿ ನೋಡಿದವಳಿಗೆ ಅದನ್ನು ಅಲ್ಲಗಳೆಯಲು ಕೊನೆಯನ್ನು ಹೇಳದೆ ಬೇರೆ ದಾರಿ ಇರುವುದಿಲ್ಲ.