ಗುಂಡು ತಾಗದ ಗಾಯ

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದ ಕೆಲವೇ ತಿಂಗಳುಗಳಲ್ಲಿ ಬ್ರಿಟಿಷ್ ಸೇನಾ ವೈದ್ಯರ ಮುಂದೆ ವಿಚಿತ್ರ ರೋಗಿಗಳು ಬಂದು ನಿಂತರು. ಮೈಮೇಲೆ ಗಾಯವಿಲ್ಲ. ಆದರೆ ಒಬ್ಬನಿಗೆ ಮಾತು ನಿಂತಿದೆ, ಇನ್ನೊಬ್ಬನ ಕೈಕಾಲು ನಡುಗುತ್ತಿವೆ, ಮತ್ತೊಬ್ಬ ರಾತ್ರಿಯೆಲ್ಲ ಕಿರುಚುತ್ತಾನೆ. ಚಾರ್ಲ್ಸ್ ಮೈಯರ್ಸ್ ಎಂಬ ವೈದ್ಯರು 1915ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇದನ್ನು ‘ಶೆಲ್ ಶಾಕ್’ ಎಂದು ಕರೆದರು. ಸಿಡಿಗುಂಡಿನ ಸ್ಫೋಟದಿಂದ ಮಿದುಳು ಅಲುಗಿರಬೇಕು ಎಂಬ ಊಹೆ ಆಗ ಬಲವಾಗಿತ್ತು. ಆದರೆ ಸ್ಫೋಟದ ಹತ್ತಿರವೇ ಇಲ್ಲದಿದ್ದವರಲ್ಲೂ ಅದೇ ಲಕ್ಷಣಗಳು ಕಾಣಿಸಿಕೊಂಡವು. ಗಾಯವಾಗಿದ್ದುದು ಮನಸ್ಸಿಗೆ.

ಹಲವು ಸೇನಾಧಿಕಾರಿಗಳಿಗೆ ಇದು ಬರೀ ಹೇಡಿತನವಾಗಿ ಕಂಡಿತು. ಆ ಯುದ್ಧದಲ್ಲಿ ಪಲಾಯನ, ಹೇಡಿತನ ಮುಂತಾದ ಆರೋಪಗಳ ಮೇಲೆ ಗುಂಡಿಕ್ಕಿ ಕೊಲ್ಲಲಾದ 306 ಸೈನಿಕರಿಗೆ ಬ್ರಿಟನ್ ಕ್ಷಮಾದಾನ ನೀಡಿದ್ದು 2006ರಲ್ಲಿ. ಅವರಲ್ಲಿ ಕೆಲವರಾದರೂ ಮನಸ್ಸು ಜರ್ಜರಿತವಾಗಿದ್ದವರು.

ಚಿಕಿತ್ಸೆಯಲ್ಲೂ ಎರಡು ದಾರಿಗಳಿದ್ದವು. ಲಂಡನ್ನಿನ ವೈದ್ಯ ಲೂಯಿಸ್ ಯೆಲ್ಯಾಂಡ್, ಮಾತು ನಿಂತ ಸೈನಿಕನೊಬ್ಬನ ಗಂಟಲಿಗೆ ಗಂಟೆಗಟ್ಟಲೆ ವಿದ್ಯುತ್ ಹಾಯಿಸಿ ಮಾತು ಹೊರಡಿಸಿದರು. ಸ್ಕಾಟ್ಲೆಂಡಿನ ಎಡಿನ್‌ಬರೋ ಬಳಿಯ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಯಲ್ಲಿ ಡಬ್ಲ್ಯು. ಎಚ್. ಆರ್. ರಿವರ್ಸ್ ಹಿಡಿದ ದಾರಿ ಬೇರೆ. ಅವರು ಕೂತು ಕೇಳಿದರು. ಈ ವೈದ್ಯರು ನಮಗೆ ಪೂರ್ತಿ ಅಪರಿಚಿತರಲ್ಲ. 1901-02ರಲ್ಲಿ ನಮ್ಮ ನೆರೆಯ ನೀಲಗಿರಿಗೆ ಬಂದು, ತೋಡರ ಬದುಕನ್ನು ಅಭ್ಯಸಿಸಿ, 1906ರಲ್ಲಿ ಅವರ ಬಗ್ಗೆ ದೊಡ್ಡ ಗ್ರಂಥ ಬರೆದವರು.

“ಅದನ್ನೆಲ್ಲ ಮರೆತುಬಿಡಿ” ಎಂಬ ಸಲಹೆಯೇ ರೋಗವನ್ನು ಬೆಳೆಸುತ್ತದೆ ಎಂದು ರಿವರ್ಸ್ 1917ರ ಡಿಸೆಂಬರಿನಲ್ಲಿ ಮಂಡಿಸಿದ ಪ್ರಬಂಧದಲ್ಲಿ ವಾದಿಸಿದರು. ಹಗಲಲ್ಲಿ ಅದುಮಿಟ್ಟ ನೆನಪು ರಾತ್ರಿ ಕನಸಾಗಿ ಎದ್ದು ಬರುತ್ತಿತ್ತು. ಗೆಳೆಯನ ದೇಹ ಛಿದ್ರವಾಗಿ ಬಿದ್ದುದನ್ನು ಕಂಡ ಅಧಿಕಾರಿಯೊಬ್ಬರಿಗೆ ಆ ದೃಶ್ಯವೇ ಮರಳಿ ಮರಳಿ ಕಾಣುತ್ತಿತ್ತು. ರಿವರ್ಸ್ ಅವರೊಡನೆ ಮಾತಾಡುತ್ತ, ಆ ಸ್ಥಿತಿಯೇ ಗೆಳೆಯ ನರಳದೆ ಕ್ಷಣದಲ್ಲಿ ಪ್ರಾಣಬಿಟ್ಟದ್ದಕ್ಕೆ ಸಾಕ್ಷಿಯಲ್ಲವೇ ಎಂದರು. ಮುಂದೆ ಅದೇ ಕನಸು ಬಿದ್ದಾಗ ಅದರಲ್ಲಿ ದುಃಖವಿತ್ತು, ಭೀತಿ ಇರಲಿಲ್ಲ. ಎಲ್ಲರಿಗೂ ಹೀಗಾಗಲಿಲ್ಲ. ಸಮಾಧಾನದ ಎಳೆಯೇ ಸಿಗದ ರೋಗಿಗಳ ವಿಷಯವನ್ನೂ ರಿವರ್ಸ್ ಮುಚ್ಚಿಡದೆ ಬರೆದರು.

ಅದೇ ಆಸ್ಪತ್ರೆಯ ಇನ್ನೊಬ್ಬ ವೈದ್ಯ ಆರ್ಥರ್ ಬ್ರಾಕ್ ಅವರದು ಕೆಲಸದ ಮೂಲಕ ಚಿಕಿತ್ಸೆ. ಅವರ ರೋಗಿಯಾಗಿದ್ದ ಯುವಕ ವಿಲ್‌ಫ್ರೆಡ್ ಓವೆನ್ ಆಸ್ಪತ್ರೆಯ ‘ಹೈಡ್ರಾ’ ಪತ್ರಿಕೆಯ ಸಂಪಾದಕರಾದರು. ತಮ್ಮನ್ನು ಕಾಡುತ್ತಿದ್ದ ಯುದ್ಧವನ್ನು ಕವಿತೆಗೆ ಇಳಿಸತೊಡಗಿದರು. ಚಿತ್ರ, ನಾಟಕ, ಬರವಣಿಗೆಗಳ ಮೂಲಕ ನಡೆಯುವ ಇಂದಿನ ಮನೋಚಿಕಿತ್ಸೆಗೆ ಇದು ಹತ್ತಿರದ ನಂಟು.

ಆದರೆ ಈ ಕಥೆಯಲ್ಲಿ ಒಂದು ಕಹಿ ಪ್ರಶ್ನೆಯಿದೆ. ಇದು ಸೇನೆಯ ಆಸ್ಪತ್ರೆ. ಗುಣವಾದವನು ಮತ್ತೆ ಯುದ್ಧಕ್ಕೆ ಹೋಗಬೇಕಾಗಬಹುದು. ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದ ಕವಿ ಸೀಗ್‌ಫ್ರೀಡ್ ಸಸೂನ್ ಅವರನ್ನು ಸೇನೆ 1917ರ ಜುಲೈನಲ್ಲಿ ‘ರೋಗಿ’ಯೆಂದೇ ಇಲ್ಲಿಗೆ ಕಳಿಸಿತ್ತು. ಸಸೂನ್ ಮತ್ತೆ ರಣರಂಗಕ್ಕೆ ಹೋಗಿ ಗಾಯಗೊಂಡು ಬದುಕಿದರು. ಓವೆನ್ 1918ರ ನವೆಂಬರ್ 4ರಂದು, ಯುದ್ಧ ನಿಲ್ಲಲು ಒಂದೇ ವಾರವಿದ್ದಾಗ, ಹತರಾದರು. ಹಾಗಾದರೆ ಚಿಕಿತ್ಸೆ ಯಾರಿಗಾಗಿ? ರೋಗಿಗಾಗಿಯೋ, ಅವನನ್ನು ಕಳಿಸಿದವರಿಗಾಗಿಯೋ? ರಿವರ್ಸ್ ಅವರನ್ನೂ ಈ ಪ್ರಶ್ನೆ ಕಲಕಿತು.

ವೈದ್ಯಶಾಸ್ತ್ರ ಈ ಗಾಯಕ್ಕೆ ನಿಶ್ಚಿತ ಹೆಸರು ಕೊಟ್ಟದ್ದು ವಿಯೆಟ್ನಾಂ ಯುದ್ಧದ ನಂತರ. 1980ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ರೋಗಪಟ್ಟಿಯಲ್ಲಿ ‘ಪಿಟಿಎಸ್‌ಡಿ’, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆಯನ್ನು ಸೇರಿಸಿತು. ಅಪಘಾತ, ಅತ್ಯಾಚಾರ, ಭೂಕಂಪಗಳಿಗೆ ಸಿಕ್ಕಿದವರಿಗೂ ಇದು ಬರಬಹುದು. ತರಬೇತಾದ ಚಿಕಿತ್ಸಕರು ಇಂದು ಮೊದಲು ರೋಗಿಗೆ ಸುರಕ್ಷಿತ ಭಾವ ಮೂಡಿಸುತ್ತಾರೆ; ಬಳಿಕ ತಾಳಿಕೊಳ್ಳುವಷ್ಟೇ ಪ್ರಮಾಣದಲ್ಲಿ ನೆನಪನ್ನು ಎದುರಿಸಲು ನೆರವಾಗುತ್ತಾರೆ. ಬಲವಂತವಾಗಿ ಬಾಯಿಬಿಡಿಸುವುದು ಚಿಕಿತ್ಸೆಯಲ್ಲ.

ಭಯಗೊಂಡ ಹುಡುಗನಿಗೆ “ಗಂಡಸಾಗಿ ಅಳ್ತೀಯಾ?” ಎನ್ನುವವರು ನಮ್ಮಲ್ಲಿ ಇನ್ನೂ ಇದ್ದಾರೆ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಸಹಪಾಠಿಯೊಬ್ಬರು ಇಂಥ ಸಂಕಟದಲ್ಲಿದ್ದರೆ ಆ ಮಾತನ್ನು ನೀವು ಆಡಬೇಡಿ. ಜೊತೆಗೆ ಕೂತು ಕೇಳಿ. 2022ರಲ್ಲಿ ಆರಂಭವಾದ ಸರ್ಕಾರಿ ಸಹಾಯವಾಣಿ ‘ಟೆಲಿ ಮಾನಸ್’ನ ಸಂಖ್ಯೆ 14416 ಎಂಬುದನ್ನೂ ತಿಳಿಸಿ.