ದಂಡದ ಪುಸ್ತಕ

1887ರ ಸುಮಾರಿಗೆ ಇಂಗ್ಲೆಂಡಿನ ಬ್ರೈಟನ್ ಊರಿನ ಬಟ್ಟೆ ಅಂಗಡಿಯೊಂದಕ್ಕೆ ಹದಿನಾಲ್ಕು ವರ್ಷದ ಹುಡುಗಿಯೊಬ್ಬಳು ಕೆಲಸ ಕಲಿಯಲು ಬಂದಳು. ಹೆಸರು ಮಾರ್ಗರೆಟ್ ಬಾಂಡ್‌ಫೀಲ್ಡ್. ಆ ಕಾಲದ ದೊಡ್ಡ ಬಟ್ಟೆ ಅಂಗಡಿಗಳಲ್ಲಿ ಕೆಲಸಗಾರರ ಊಟ, ವಸತಿ ಎರಡೂ ಮಾಲೀಕನ ವಶದಲ್ಲಿರುತ್ತಿದ್ದವು. ಕೇಳಲು ಇದು ಅನುಕೂಲವೆನಿಸಬಹುದು. ಆದರೆ ಅನ್ನ, ಹಾಸಿಗೆ, ಸಂಬಳ ಮೂರೂ ಒಬ್ಬನದೇ ಕೈಯಲ್ಲಿದ್ದರೆ, ಕೆಲಸ ಹೋದ ದಿನವೇ ಸೂರೂ ಹೋಗುತ್ತದೆ. ಹಾಗಾಗಿ ಯಾವ ಶಿಕ್ಷೆಗೂ ಯಾರೂ ಎದುರು ಮಾತಾಡುತ್ತಿರಲಿಲ್ಲ.

ಶಿಕ್ಷೆಯ ಸಾಮಾನ್ಯ ರೂಪ ದಂಡ. ತಡವಾಗಿ ಬಂದರೆ ದಂಡ, ಬಿಲ್ಲಿನಲ್ಲಿ ಲೆಕ್ಕ ತಪ್ಪಿದರೆ ದಂಡ, ಪಕ್ಕದವರೊಡನೆ ಹರಟಿದರೆ ದಂಡ. ಕೆಲವು ಅಂಗಡಿಗಳ ನಿಯಮಗಳು ನೂರನ್ನೂ ದಾಟುತ್ತಿದ್ದವು. ಗಿರಾಕಿ ಬರಿಗೈಯಲ್ಲಿ ಹೋದರೆ ಅದೂ ಮಾರುವವನ ತಪ್ಪೇ. ಎಚ್. ಜಿ. ವೆಲ್ಸ್ ಕೂಡ ಹುಡುಗನಾಗಿದ್ದಾಗ ಇಂಥದೇ ಬಟ್ಟೆ ಅಂಗಡಿಯಲ್ಲಿ ದುಡಿದವರು. ಆ ಅನುಭವವೇ ಮುಂದೆ ಅವರ 1905ರ ಕಾದಂಬರಿ ‘ಕಿಪ್ಸ್’ನಲ್ಲಿ ಬಂತು.

ಈ ದಂಡಗಳಿಗೆ ಲಗಾಮು ಹಾಕಿದ್ದು 1896ರ ಟ್ರಕ್ ಕಾಯ್ದೆ. ಇಲ್ಲಿ ‘ಟ್ರಕ್’ ಎಂದರೆ ಲಾರಿಯಲ್ಲ. ಸಂಬಳವನ್ನು ಹಣದ ಬದಲು ಸಾಮಾನಿನಲ್ಲಿ ಕೊಡುವ ಹಳೆಯ ಪದ್ಧತಿಯ ಹೆಸರು. ಕಾಯ್ದೆ ದಂಡವನ್ನು ನಿಷೇಧಿಸಲಿಲ್ಲ, ಷರತ್ತು ಹಾಕಿತು. ಯಾವ ತಪ್ಪಿಗೆ ಎಷ್ಟು ದಂಡ ಎಂಬುದು ಮೊದಲೇ ಬರಹದಲ್ಲಿರಬೇಕು. ಆ ತಪ್ಪಿನಿಂದ ಮಾಲೀಕನಿಗೆ ನಷ್ಟವೋ ವ್ಯಾಪಾರಕ್ಕೆ ಅಡ್ಡಿಯೋ ಆಗಿರಬೇಕು, ಅಥವಾ ಆಗುವಂತಿರಬೇಕು. ಮೊತ್ತ ನ್ಯಾಯವಾಗಿರಬೇಕು. ದಂಡ ಹಾಕಿದಾಗಲೆಲ್ಲ ಅದರ ವಿವರವನ್ನು ಬರೆದು ಕೆಲಸಗಾರನ ಕೈಗೆ ಕೊಡಬೇಕು, ಪುಸ್ತಕದಲ್ಲೂ ದಾಖಲಿಸಬೇಕು. ಅಂಗಡಿ ನೌಕರರನ್ನು ಹೆಸರಿಸಿಯೇ ಈ ನಿಯಮದೊಳಗೆ ತಂದರು.

ಇದು ಸಣ್ಣ ಬದಲಾವಣೆಯಲ್ಲ. ಅದುವರೆಗೆ ದಂಡದ ಅಳತೆ ಮಾಲೀಕನ ಸಿಟ್ಟಾಗಿತ್ತು. ಈಗ ಅದು ಕಾಗದಕ್ಕೆ ಇಳಿಯಿತು. ಕಾಗದಕ್ಕೆ ಇಳಿದದ್ದನ್ನು ಓದಬಹುದು, ಪ್ರಶ್ನಿಸಬಹುದು. ಅದೇ ವರ್ಷಗಳಲ್ಲಿ ಬಾಂಡ್‌ಫೀಲ್ಡ್ ಬೇರೆ ಬೇರೆ ಅಂಗಡಿಗಳಲ್ಲಿ ಗುಟ್ಟಾಗಿ ಕೆಲಸಕ್ಕೆ ಸೇರಿ, ಒಳಗಿನ ಸ್ಥಿತಿಯನ್ನು ವರದಿ ಮಾಡಿದರು. 1929ರಲ್ಲಿ ಅವರೇ ಬ್ರಿಟನ್ನಿನ ಕಾರ್ಮಿಕ ಮಂತ್ರಿಯಾದರು, ಅಲ್ಲಿನ ಸಂಪುಟ ಸೇರಿದ ಮೊದಲ ಮಹಿಳೆಯೂ ಆದರು.

ಅದೇ 1929ರಲ್ಲಿ ಭಾರತದ ಕಾರ್ಮಿಕರ ಸ್ಥಿತಿ ಅರಿಯಲು ವಿಟ್ಲಿ ಆಯೋಗ ನೇಮಕವಾಯಿತು. ಅದರ ಹಿನ್ನೆಲೆಯಲ್ಲಿ ಬಂದ 1936ರ ವೇತನ ಪಾವತಿ ಕಾಯ್ದೆಯಲ್ಲಿ 1896ರ ಷರತ್ತುಗಳ ನೆರಳು ಕಾಣುತ್ತದೆ. ಆದರೆ ಇಲ್ಲಿ ಇನ್ನೂ ಕೆಲವು ಸೇರಿದವು. ದಂಡಕ್ಕೆ ಮುಂಚೆ ಕಾರಣ ಹೇಳಿಕೊಳ್ಳಲು ಅವಕಾಶ ಕೊಡಬೇಕು. 15 ವರ್ಷದೊಳಗಿನವರಿಗೆ ದಂಡ ಹಾಕುವಂತಿಲ್ಲ. ದಂಡದ ಮೊತ್ತ ರೂಪಾಯಿಗೆ ಅರ್ಧಾಣೆ ಮೀರುವಂತಿಲ್ಲ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇನ್ನೊಂದು: ವಸೂಲಾದ ಹಣ ಮಾಲೀಕನ ಗಲ್ಲಾಪೆಟ್ಟಿಗೆಗೆ ಹೋಗುವಂತಿಲ್ಲ, ನೌಕರರ ಹಿತಕ್ಕೇ ಖರ್ಚಾಗಬೇಕು. ದಂಡದಿಂದ ಲಾಭ ಬರುವಂತಿದ್ದರೆ ತಪ್ಪು ಹುಡುಕುವುದೇ ಒಂದು ವ್ಯಾಪಾರವಾಗುತ್ತದೆಂದು ಕಾನೂನು ಬರೆದವರಿಗೆ ಗೊತ್ತಿತ್ತು.

ಗೈರುಹಾಜರಿಯನ್ನು ಈ ಕಾಯ್ದೆ ದಂಡದಿಂದ ಬೇರೆಯಾಗಿಟ್ಟಿತು. ಗೈರಾದಷ್ಟು ಹೊತ್ತಿನ ಸಂಬಳವನ್ನಷ್ಟೇ ಕಡಿಯಬಹುದು, ಅದಕ್ಕಿಂತ ಹೆಚ್ಚಿಲ್ಲ. ಇದಕ್ಕೊಂದು ಅಪವಾದವೂ ಇತ್ತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಮಂದಿ ಮಾತಾಡಿಕೊಂಡು, ಸೂಚನೆ ಕೊಡದೆ, ತಕ್ಕ ಕಾರಣವಿಲ್ಲದೆ ಗೈರಾದರೆ ಎಂಟು ದಿನಗಳ ಸಂಬಳದವರೆಗೂ ಕಡಿಯಬಹುದಿತ್ತು. ಒಬ್ಬನ ಜ್ವರವನ್ನು ಸಹಿಸಿಕೊಂಡ ಕಾನೂನು ಹತ್ತು ಜನರ ಒಗ್ಗಟ್ಟಿಗೆ ಹೆದರಿತು.

ಈ ಕಾಯ್ದೆ ಮೊದಲಿಗೆ ಕಾರ್ಖಾನೆ, ರೈಲ್ವೆಗಳಿಗೆ ಮೀಸಲಾಗಿತ್ತು. ನಮ್ಮ ಅಂಗಡಿಗಳ ಮಟ್ಟಿಗೆ ದೊಡ್ಡ ಹೆಜ್ಜೆ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಕಾಯಿಲೆಗೋ ಬೇರೆ ತಕ್ಕ ಕಾರಣಕ್ಕೋ ವರ್ಷಕ್ಕೆ 12 ದಿನಗಳವರೆಗೆ ಸಂಬಳಸಹಿತ ರಜೆ ಅದರಲ್ಲಿದೆ. ಆರು ತಿಂಗಳು ಸತತವಾಗಿ ದುಡಿದವರನ್ನು ತಕ್ಕ ಕಾರಣವಿಲ್ಲದೆ ತೆಗೆಯುವಂತಿಲ್ಲ. ಒಂದು ತಿಂಗಳ ನೋಟಿಸು ಅಥವಾ ಅದರ ಸಂಬಳ ಕೊಡಬೇಕು. ನೋಟಿಸಿಲ್ಲದೆ ದುರ್ನಡತೆಯೆಂದು ತೆಗೆಯಬೇಕಾದರೆ ವಿಚಾರಣೆ ನಡೆಸಿ, ಸಾಕ್ಷ್ಯವನ್ನು ದಾಖಲಿಸಿರಬೇಕು.

ಬ್ರಿಟನ್ 1986ರಲ್ಲಿ ಟ್ರಕ್ ಕಾಯ್ದೆಗಳನ್ನು ರದ್ದುಮಾಡಿತು. ಆಗಲೂ ಅಂಗಡಿ ನೌಕರರನ್ನು ಪೂರ್ತಿ ಕೈಬಿಡಲಿಲ್ಲ: ಗಲ್ಲೆಯಲ್ಲೋ ಸರಕಿನಲ್ಲೋ ಕೊರತೆ ಬಿದ್ದರೆ ಆ ಬಾರಿಯ ಸಂಬಳದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಮುರಿಯುವಂತಿಲ್ಲ ಎಂದಿತು. ನಮ್ಮ 2019ರ ವೇತನ ಸಂಹಿತೆ ದಂಡಕ್ಕೆ ಶೇಕಡಾ 3ರ ಮಿತಿ ಇಟ್ಟಿದೆ. ಹಳೆಯ ಅರ್ಧಾಣೆಯೂ ಲೆಕ್ಕ ಹಾಕಿದರೆ ಸರಿಸುಮಾರು ಅಷ್ಟೇ.

ಇಂದಿನ ಮಾಲುಗಳಲ್ಲಿ ದಂಡದ ಪುಸ್ತಕ ಕಾಣುವುದಿಲ್ಲ, ಬೆರಳಚ್ಚಿನ ಯಂತ್ರವಿದೆ. ಮೂರು ಸಲ ಹತ್ತು ನಿಮಿಷ ತಡವಾದರೆ ಅರ್ಧ ದಿನದ ಸಂಬಳ ಹೋಯಿತೆನ್ನುವ ಲೆಕ್ಕ ಹಲವೆಡೆ ರೂಢಿಯಲ್ಲಿದೆ. ಮೂವತ್ತು ನಿಮಿಷಕ್ಕೆ ನಾಲ್ಕು ಗಂಟೆಯ ಕೂಲಿ. 1936ರ ಅಳತೆಗೋಲಿನಲ್ಲಿ ಇದು ಗೈರುಹಾಜರಿಯ ಕಡಿತವಲ್ಲ, ಹೆಸರು ಬದಲಿಸಿಕೊಂಡ ದಂಡ. ದಂಡವೆಂದ ಮೇಲೆ ಮೊದಲು ಕಾರಣ ಕೇಳಬೇಕು. ಯಂತ್ರ ಎಷ್ಟು ಗಂಟೆಗೆ ಬಂದಿರೆಂದು ಬರೆದುಕೊಳ್ಳುತ್ತದೆ. ಏಕೆ ತಡವಾಯಿತೆಂದು ಕೇಳುವ ಹೊಣೆ ಇಂದಿಗೂ ಮನುಷ್ಯರದೇ.